ಬಲಿಪೀಠವೂ ಜಗಲಿಯೂ

ಯೆರೂಸಲೇಮಿನಲ್ಲಿ ಮಹಾಮಂದಿರವನ್ನು ಕಟ್ಟಿ ಮುಗಿಸಿದ ಸೊಲೊಮೋನನು, ಅದರ ಪ್ರತಿಷ್ಠೆಯ ದಿನವೇ, ನಾಡಿನ ಹಿರಿಯರೆಲ್ಲ ನೆರೆದಿದ್ದ ಸಭೆಯ ಎದುರಿನಲ್ಲಿಯೇ, ಆಕಾಶಕ್ಕೂ ಅಡಕವಾಗದವನು ತಾನು ಕಟ್ಟಿಸಿದ ಮನೆಯಲ್ಲಿ ಅಡಕವಾಗುವನೆ ಎಂಬ ಸಂಶಯವನ್ನು ದೇವರ ಮುಂದೆಯೇ ಇಟ್ಟನೆಂದು ಬೈಬಲ್ಲಿನ ಹಳೆಯ ಒಡಂಬಡಿಕೆಯಿಂದ ತಿಳಿಯುತ್ತದೆ. ಕಟ್ಟಿದವನ ಬಾಯಿಂದಲೇ, ಕಟ್ಟಡದ ಪರಮಸಂಭ್ರಮದ ಗಳಿಗೆಯಲ್ಲಿಯೇ ಹೊರಟ ಈ ಸಂಶಯವನ್ನು ಕ್ರೈಸ್ತಧರ್ಮವು ಮರೆಮಾಚಲಿಲ್ಲ, ಇನ್ನಷ್ಟು ಬೆಳೆಸಿತು. ಸಮಾರ್ಯದ ಬಾವಿಯ ಬಳಿ ನೀರಿಗೆ ಬಂದ ಪರಕುಲದ ಹೆಂಗಸೊಬ್ಬಳೊಡನೆ ಮಾತನಾಡುತ್ತ ಯೇಸುಸ್ವಾಮಿಯವರು ನಿಜವಾದ ಆರಾಧನೆಯನ್ನು ಒಂದು ಬೆಟ್ಟಕ್ಕಾಗಲಿ ಒಂದು ನಗರಕ್ಕಾಗಲಿ ಕಟ್ಟಿಹಾಕುವಂತಿಲ್ಲವೆಂದು ತಿಳಿಸಿದರು. ಗುಡಿಗಳಿಂದ ತುಂಬಿದ್ದ ಅಥೆನ್ಸಿನ ನಡುವೆ ನಿಂತು ಸಂತ ಪೌಲರು, ಮನುಷ್ಯನ ಕೈ ಕಟ್ಟಿದ ಆಲಯದಲ್ಲಿ ದೇವರ ವಾಸವಿಲ್ಲವೆಂದು ಸಾರಿದರು. ಸ್ಥಾವರಕ್ಕಿಂತ ಜಂಗಮವು ಹಿರಿದೆಂಬ ಬಸವಣ್ಣನವರ ಬೋಧೆಯನ್ನು ಎಂಟು ಶತಮಾನಗಳಿಂದ ಕೇಳುತ್ತ ಬಂದಿರುವ ಕನ್ನಡಿಗನಿಗೆ ಈ ವಿಚಾರ ಅಪರಿಚಿತವೇನೂ ಅಲ್ಲ. ಹೀಗಿರಲು ಕ್ರೈಸ್ತಸಭೆಯೊಂದು ನಿವೇಶನವನ್ನು ಕೊಂಡು, ವಂತಿಗೆಯೆತ್ತಿ, ನಕ್ಷೆ ಬರೆಯಿಸಿ, ದೇವಾಲಯವನ್ನು ಕಟ್ಟಲು ಹೊರಡುವುದು ಯಾವ ತತ್ತ್ವದ ಆಧಾರದ ಮೇಲೆ?

ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಊರುಗಳಲ್ಲಿ ಇದು ಕೇವಲ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಾರ್ಖಾನೆ, 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಜಿಲ್ಲೆಯ ಆಡಳಿತ, ಈ ಮೂರರ ಬಲದಿಂದ ಬೆಳೆದ ಮಂಡ್ಯದ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೆ 1.37 ಲಕ್ಷವನ್ನು ಮುಟ್ಟಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಮದ್ದೂರು ಮಂಡ್ಯಗಳನ್ನು ಬದಿಗಿಟ್ಟು ಹಾದುಹೋದರೂ, ಕಬ್ಬಿನ ಗದ್ದೆಗಳು ಮೂವತ್ತು–ನಲವತ್ತರ ನಿವೇಶನಗಳಾಗಿ ಮಾರ್ಪಡುವುದು ನಿಂತಿಲ್ಲ. ಜಿಲ್ಲೆಯ ಜನರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಆದರೂ ಇದೇ ಮಂಡ್ಯದ ಹೆಸರಿನಲ್ಲಿ 2010ರ ಜನವರಿ 18ರಂದು ಸಿರೊ-ಮಲಬಾರ್ ಪರಂಪರೆಯ ಒಂದು ಧರ್ಮಪ್ರಾಂತ್ಯವೇ ಸ್ಥಾಪಿತವಾಯಿತು. ಲ್ಯಾಟಿನ್ ಪರಂಪರೆಯ ಕಥೋಲಿಕರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವರಾಗಿ ಮುಂದುವರಿದಿದ್ದಾರೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದುಗೂಡಿದ ದಕ್ಷಿಣ ಭಾರತ ಸಭೆಯವರೂ, ಬಾಡಿಗೆಯ ಮಹಡಿಗಳಲ್ಲಿ ಪ್ರಾರ್ಥಿಸುವ ಚಿಕ್ಕ ಚಿಕ್ಕ ಸಭೆಗಳವರೂ ಇದ್ದಾರೆ. ಇವರಲ್ಲಿ ಯಾರಾದರೂ ಒಂದು ಹೊಸ ಬಡಾವಣೆಯಲ್ಲಿ ದೇವಾಲಯವನ್ನು ಕಟ್ಟಬೇಕೆಂದು ಕುಳಿತಾಗ ಸೊಲೊಮೋನನ ಸಂಶಯವು ನಕ್ಷೆಯ ಕಾಗದದ ಮೇಲೆಯೇ ಬಂದು ಕೂಡುತ್ತದೆ.

ಈ ಸೀಮೆಗೆ ಕ್ರೈಸ್ತಧರ್ಮ ಹೊಸದಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿ ಬರೆದು, ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದ ಅಬ್ಬೆ ದುಬುವಾ ಅವರು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಕಟ್ಟಿಸಿದ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತವಾಗಿದೆ. ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿ ಊರೂರು ತಿರುಗಿದ, ನೆಲೆಯಿಲ್ಲದವರಿಗೆ ಬೇಸಾಯದ ಊರುಗಳನ್ನು ಕಟ್ಟಿಕೊಟ್ಟ ಆ ಮಹನೀಯರು ಬೆಳೆಸಿದ ಸಮುದಾಯಗಳಲ್ಲಿಯೂ ಪಾಲಹಳ್ಳಿಯಂಥ ಹಳೆಯ ಕ್ರೈಸ್ತ ನೆಲೆಗಳಲ್ಲಿಯೂ ಒಂದು ವಿಶೇಷವಿತ್ತು: ಅಲ್ಲಿ ಸಭೆ ಮೊದಲು, ಕಟ್ಟಡ ಆಮೇಲೆ. ಒಂದೇ ಬೀದಿಯಲ್ಲಿ ಹುಟ್ಟಿ, ಒಂದೇ ಕೆರೆಯ ನೀರಿನಲ್ಲಿ ಬೆಳೆ ತೆಗೆದು, ಒಬ್ಬರ ಹೆಣವನ್ನೊಬ್ಬರು ಹೊತ್ತ ಜನರು ಭಾನುವಾರ ದೇವಾಲಯಕ್ಕೆ ಬರುವಾಗ, ವಾರವಿಡೀ ಬಾಳಿದ ಒಟ್ಟುಬಾಳನ್ನೇ ಬಲಿಪೀಠದ ಮುಂದೆ ತಂದಿಡುತ್ತಿದ್ದರು. ಗೋಡೆಗಳು ಎಷ್ಟೇ ಸಾಮಾನ್ಯವಾಗಿರಲಿ, ಅವುಗಳ ಮೇಲೆ ಜನರನ್ನು ಸಭೆಯಾಗಿ ಮಾಡುವ ಹೊರೆ ಇರಲಿಲ್ಲ.

ಬಡಾವಣೆಯಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯಲು ಕೇರಳದಿಂದ ಬಂದವಳು, ಬ್ಯಾಂಕಿನ ವರ್ಗಾವಣೆಯಿಂದ ಮಂಗಳೂರಿನ ಕಡೆಯಿಂದ ಬಂದವನು, ಮೂರು ತಲೆಮಾರಿನಿಂದ ಇಲ್ಲಿಯೇ ಇರುವ ಕನ್ನಡ ಮನೆತನದ ಮುದುಕಿ, ತಮಿಳನ್ನಾಡುವ ಮೇಸ್ತ್ರಿಯ ಸಂಸಾರ, ಇವರೆಲ್ಲ ಭಾನುವಾರ ಬೆಳಗ್ಗೆ ನಾಲ್ಕು ದಿಕ್ಕುಗಳಿಂದ ಸ್ಕೂಟರುಗಳಲ್ಲಿ ಬಂದು, ಒಂದು ಗಂಟೆ ಒಂದೇ ದಿಕ್ಕಿಗೆ ಮುಖಮಾಡಿ ಕುಳಿತು, ಮತ್ತೆ ನಾಲ್ಕು ದಿಕ್ಕುಗಳಿಗೆ ಚದುರಿಬಿಡುವುದಾದರೆ, ಅದನ್ನು ಆರಾಧನೆಯೆನ್ನಬಹುದೇ ಹೊರತು ಸಭೆಯೆನ್ನುವುದು ಕಷ್ಟ. ಮೊದಲ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಹುಡುಕಬೇಕೆಂದು ನನ್ನ ನಂಬಿಕೆ. ದೇವರಿಗೆ ಮನೆಯ ಅಗತ್ಯವಿಲ್ಲ. ಪರಸ್ಪರ ಅಪರಿಚಿತರಾದ ಈ ಜನರು ದೇವರ ಎದುರಿನಲ್ಲಿ ಒಬ್ಬರಿಗೊಬ್ಬರು ಆತ್ಮೀಯರಾಗಲು ಒಂದು ಮನೆಯ ಅಗತ್ಯವಿದೆ. ಆದ್ದರಿಂದ ಕ್ರೈಸ್ತ ದೇವಾಲಯದ ನಕ್ಷೆಯೆಂಬುದು ಅಲಂಕಾರದ ವಿಷಯವಲ್ಲ, ಧರ್ಮದ ವಿಷಯ.

ಈ ಮಾತಿಗೆ ಚರಿತ್ರೆಯ ಎರಡು ಕಟ್ಟಡಗಳು ಸಾಕ್ಷಿಯಾಗಿವೆ. ಕ್ರೈಸ್ತರು ಮೊದಲ ಶತಮಾನಗಳಲ್ಲಿ ಬೇರೆ ಮಂದಿರಗಳನ್ನು ಕಟ್ಟದೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಕೂಡುತ್ತಿದ್ದರೆಂಬುದು ಪ್ರಸಿದ್ಧವಷ್ಟೆ. ಅಂಥ ಮನೆಯೊಂದರ ಅವಶೇಷವು ಸಿರಿಯಾದಲ್ಲಿ, ಯೂಫ್ರಟೀಸ್ ನದಿಯ ಮೇಲಣ ದುರಾ-ಯುರೋಪೋಸ್ ಎಂಬ ಹಾಳೂರಿನಲ್ಲಿ, 1930ರ ದಶಕದ ಉತ್ಖನನದಲ್ಲಿ ದೊರೆಯಿತು. ಮೂರನೆಯ ಶತಮಾನದ ನಡುಭಾಗಕ್ಕೆ ಸೇರಿದ ಆ ಮನೆಯ ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿಮನೆಯನ್ನು ಕಂಡವರಿಗೆ ಅದರ ವಿನ್ಯಾಸ ಸುಲಭವಾಗಿ ಹೊಳೆಯುತ್ತದೆ. ಒಂದು ಕೋಣೆಯನ್ನು ಜ್ಞಾನಸ್ನಾನಕ್ಕೆಂದು ಸಿದ್ಧಗೊಳಿಸಿ ಗೋಡೆಗಳ ಮೇಲೆ ಚಿತ್ರಗಳನ್ನು ಬರೆದಿದ್ದರು. ಜನರು ಸೇರುವ ಸ್ಥಳಕ್ಕಾಗಿ ಅವರು ಮಾಡಿದ ಕೆಲಸವೆಂದರೆ ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆದುಹಾಕಿದ್ದು. ಉಳಿದುಬಂದಿರುವ ಅತಿ ಪ್ರಾಚೀನವಾದ ಕ್ರೈಸ್ತ ದೇವಾಲಯಗಳಲ್ಲಿ ಒಂದಾದ ಇದರಲ್ಲಿ ಶಿಲ್ಪಿಯ ಮುಖ್ಯಕಾರ್ಯವು ಗೋಡೆಯನ್ನು ಎಬ್ಬಿಸುವುದಾಗಿರದೆ ಕೆಡಹುವುದಾಗಿತ್ತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಎರಡನೆಯದು ನಮಗೆ ಹತ್ತಿರದ್ದು, ನೆನೆದರೆ ನಾಚಿಕೆಯಾಗತಕ್ಕದ್ದು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬಲ್ಲಿ 1872ರಲ್ಲಿ ಕಟ್ಟಿದ ದೇವಾಲಯಕ್ಕೆ ಎರಡು ಒಡಲುಗಳು: ಒಂದರಲ್ಲಿ ಮೇಲುಜಾತಿಯಿಂದ ಬಂದ ಕ್ರೈಸ್ತರು, ಇನ್ನೊಂದರಲ್ಲಿ ಉಳಿದವರು, ನಡುವೆ ಗೋಡೆ, ಎರಡೂ ಓರೆಯಾಗಿ ಸಾಗಿ ಒಂದೇ ಬಲಿಪೀಠದ ಬಳಿ ಕೂಡುತ್ತಿದ್ದವು. ಎರಡೂ ಕಡೆಯವರಿಗೆ ಗುರುಗಳು ಕಾಣಬೇಕು, ಪೀಠವು ಕಾಣಬೇಕು, ಒಬ್ಬರಿಗೊಬ್ಬರು ಮಾತ್ರ ಕಾಣಬಾರದು! ಶಿಲ್ಪದ ದೃಷ್ಟಿಯಿಂದ ನೋಡಿದರೆ ಕುಶಲವಾದ ಯೋಜನೆ. ಸುವಾರ್ತೆಯ ದೃಷ್ಟಿಯಿಂದ ನೋಡಿದರೆ ಕಲ್ಲಿನಲ್ಲಿ ಕಡೆದ ಪಾಪ. ಪ್ರತಿ ಭಾನುವಾರವೂ ಗುರುಗಳು ಪ್ರೀತಿಯನ್ನು ಕುರಿತು ಬೋಧಿಸುತ್ತಿದ್ದಿರಬೇಕು; ಪ್ರತಿ ಭಾನುವಾರವೂ ಗೋಡೆಯು ಅದಕ್ಕೆ ವಿರುದ್ಧವಾದುದನ್ನು ಬೋಧಿಸುತ್ತಿತ್ತು; ಮೂವತ್ತೆಂಟು ವರ್ಷಗಳ ಕಾಲ ಗೋಡೆಯ ಬೋಧೆಯೇ ಗೆದ್ದಿತು. ಅದನ್ನು 1910ರಲ್ಲಿ ಕೆಡವಿದರು. ಇಂದು ಅಂಥ ನಕ್ಷೆಯನ್ನು ಯಾರೂ ಬರೆಯಲಾರರೆಂಬುದು ದಿಟ. ಆದರೆ ಕಾಣಿಕೆ ಹೆಚ್ಚು ಕೊಟ್ಟವರ ಹೆಸರನ್ನು ಕೆತ್ತಿದ ಪೀಠಗಳು, ಗಣ್ಯರಿಗೆಂದು ಮುಂದೆ ಮೀಸಲಾದ ಮೆತ್ತೆಯ ಕುರ್ಚಿಗಳು, ಚಪ್ಪಲಿಯಿಲ್ಲದೆ ಬಂದವನು ತಾನಾಗಿಯೇ ಬಾಗಿಲ ಬಳಿ ನಿಂತುಬಿಡುವಂತೆ ಮಾಡುವ ಹೊಳಪಿನ ಗ್ರಾನೈಟ್ ನೆಲ, ಇವೂ ಗೋಡೆಗಳೇ ಎಂಬುದನ್ನು ಕಟ್ಟಡ ಸಮಿತಿಯವರು ಮೊದಲ ದಿನವೇ ಮನಗಾಣಬೇಕು.

ಹಾಗಾದರೆ ಹೊಸ ದೇವಾಲಯದ ರೂಪ ಹೇಗಿರಬೇಕು? ಈ ಪ್ರಾಂತದ ಜನರ ಕಣ್ಣಿಗೆ ಚರ್ಚೆಂದೊಡನೆ ಬರುವ ಚಿತ್ರ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ್ದು. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಸ್ತಿಭಾರವನ್ನಿಟ್ಟ, ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯವನ್ನು ಮಾದರಿಯಾಗಿಟ್ಟುಕೊಂಡ ಆ ಕಟ್ಟಡದ 175 ಅಡಿಯ ಜೋಡಿಗೋಪುರಗಳನ್ನು ತಲೆಯೆತ್ತಿ ನೋಡಿದವರಾರೂ ಅದರ ಭವ್ಯತೆಯನ್ನು ಅಲ್ಲಗಳೆಯಲಾರರು. ಹಿಂದೂ ಅರಸರೊಬ್ಬರ ಔದಾರ್ಯದ ಸ್ಮಾರಕವಾಗಿ ಅದು ನಮ್ಮ ನಾಡಿನ ಹೆಮ್ಮೆಯೂ ಹೌದು. ಆದರೆ ರಾಜಧಾನಿಯಲ್ಲಿ, ವಿಶಾಲವಾದ ಬಯಲಿನಲ್ಲಿ ಶೋಭಿಸುವ ರೂಪವನ್ನು ಮದ್ದೂರಿನ ಬಡಾವಣೆಯ ಮನೆಗಳ ನಡುವೆ ಸಿಮೆಂಟಿನಲ್ಲಿ ಕುಗ್ಗಿಸಿ ಕಟ್ಟಿದರೆ ಉಳಿಯುವುದು ಚೂಪು ಮಾತ್ರ, ಭವ್ಯತೆಯಲ್ಲ. ಗಾಥಿಕ್ ಶೈಲಿ ಹುಟ್ಟಿದ್ದು ಬೆಳಕಿಗೆ ಬರವಿರುವ ಉತ್ತರ ಯೂರೋಪಿನಲ್ಲಿ. ಮಂಕಾದ ಆಕಾಶದಿಂದ ಒಂದೊಂದು ಕಿರಣವನ್ನೂ ಹಿಡಿದು ಒಳಗೆ ತರುವುದಕ್ಕಾಗಿ ಅಲ್ಲಿಯ ಶಿಲ್ಪಿಗಳು ಗೋಡೆಯನ್ನೆಲ್ಲ ಬಣ್ಣದ ಗಾಜಾಗಿಸಿದರು. ಮಂಡ್ಯವಿರುವುದು ಭೂಮಧ್ಯರೇಖೆಯಿಂದ ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ತಿಂಗಳ ಕಡೆಯ ಭಾಗದಲ್ಲೊಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಪವಿತ್ರ ವಾರವೂ ಪುನರುತ್ಥಾನದ ಹಬ್ಬವೂ ಬರುವುದು ಬೇಸಗೆಯ ಅದೇ ಕಾಲಕ್ಕೆ. ಶುಭ ಶುಕ್ರವಾರದ ನಡುಮಧ್ಯಾಹ್ನದ ದೀರ್ಘವಾದ ಆರಾಧನೆಯಲ್ಲಿ ಉಪವಾಸವಿರುವ ವೃದ್ಧರನ್ನು ಗಾಜಿನ ಗೋಡೆಯ ಹಿಂದೆ ಕೂಡಿಸುವುದು ಭಕ್ತಿಯೂ ಅಲ್ಲ, ಕರುಣೆಯೂ ಅಲ್ಲ. ನಮಗೆ ಬೇಕಾದುದು ಬೆಳಕನ್ನು ಹಿಡಿಯುವ ಕಟ್ಟಡವಲ್ಲ, ಸೋಸುವ ಕಟ್ಟಡ. ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ತಿರುವನಂತಪುರದ ಲೊಯೋಲಾ ಸಂಸ್ಥೆಗಾಗಿ ನಿರ್ಮಿಸಿದ ಪ್ರಾರ್ಥನಾಮಂದಿರದಲ್ಲಿ ಇಟ್ಟಿಗೆಗಳ ನಡುವೆ ಕಂಡಿಗಳನ್ನು ಬಿಟ್ಟು, ಗೋಡೆಯೇ ಗಾಳಿಯನ್ನೂ ಮೃದುವಾದ ಬೆಳಕನ್ನೂ ಒಳಬಿಡುವಂತೆ ಮಾಡಿದ ರೀತಿ ನಮಗೆ ಹೆಚ್ಚು ಹತ್ತಿರವಾದ ಪಾಠ.

ಧ್ವನಿಯ ವಿಷಯವೂ ಇದೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯನ್ನು ಕುರಿತ ತನ್ನ ಶಾಸನವನ್ನು ಪ್ರಕಟಿಸಿ ದೇಶಭಾಷೆಗಳಿಗೆ ಬಾಗಿಲನ್ನು ತೆರೆದ ಮೇಲೆ ಕಥೋಲಿಕ ಬಲಿಪೂಜೆಯು ಲ್ಯಾಟಿನಿನಿಂದ ಕನ್ನಡಕ್ಕೆ ಬಂದಿತು. ಜನರಿಗೆ ಬೆನ್ನು ಮಾಡಿ ಪ್ರಾರ್ಥಿಸುತ್ತಿದ್ದ ಗುರುಗಳು ಜನರ ಕಡೆಗೆ ತಿರುಗಿ ನಿಂತರು. ಆದರೆ ಕಟ್ಟಡಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ಎತ್ತರವಾದ, ಉದ್ದನೆಯ ಕಲ್ಲಿನ ಹಜಾರದಲ್ಲಿ ನಾದವು ಕ್ಷಣಗಟ್ಟಲೆ ಸುಳಿದಾಡುವುದು ಲ್ಯಾಟಿನ್ ಗಾನಕ್ಕೆ ಶೋಭೆಯಾಗಿತ್ತು. ಪದಪದವೂ ಸ್ವರದಲ್ಲಿ ಕೊನೆಗೊಳ್ಳುವ ನಮ್ಮ ಮಾತಿಗೆ ಅದು ಶತ್ರು. ಹಿಂದಿನ ಪದದ ಬಾಲವು ಮುಂದಿನ ಪದದ ತಲೆಯನ್ನು ಮುಚ್ಚಿಬಿಡುತ್ತದೆ. ಅದನ್ನು ಸರಿಪಡಿಸಲೆಂದು ತರುವ ಧ್ವನಿವರ್ಧಕವು ಗದ್ದಲವನ್ನು ಇಮ್ಮಡಿಸುತ್ತದೆ. ಇನ್ನೂರು ಮುನ್ನೂರು ಜನರ ಸಭೆಗೆ ಅಷ್ಟೇನೂ ಎತ್ತರವಿಲ್ಲದ ಹೆಂಚಿನ ಮಾಡು, ಉದ್ದಕ್ಕಿಂತ ಅಗಲ ಹೆಚ್ಚಾದ ಹಜಾರ, ಮೂರು ಕಡೆಗಳಿಂದ ಪೀಠವನ್ನು ಬಳಸಿದಂತೆ ಬೆಂಚುಗಳು, ಇಷ್ಟಿದ್ದರೆ ಯಂತ್ರದ ಹಂಗಿಲ್ಲದೆ ಸುವಾರ್ತೆ ಕೇಳಿಸುತ್ತದೆ. ಎದುರಿಗೆ ಕುಳಿತ ನೆರೆಯವನ ಮುಖವೂ ಕಾಣಿಸುತ್ತದೆ.

ವಿದೇಶದ ಶೈಲಿ ಬೇಡವೆಂದೊಡನೆ, ದೇಶೀಯವಾದ ಗೋಪುರ, ಕಲಶ, ಕಂಬಗಳನ್ನು ತಂದಿಡೋಣವೆಂಬ ಉತ್ಸಾಹವೂ ಹುಟ್ಟುತ್ತದೆ. ಈ ಪ್ರಯತ್ನಕ್ಕೆ ಗೌರವಯುತವಾದ ಇತಿಹಾಸವಿದೆ. ಬಿಷಪ್ ಅಜರಯ್ಯನವರು ತೆಲುಗು ನಾಡಿನ ಡೋರ್ನಕಲ್ಲಿನಲ್ಲಿ ಕಟ್ಟಿಸಿ 1939ರಲ್ಲಿ ಪ್ರತಿಷ್ಠಾಪಿಸಿದ ದೇವಾಲಯದಲ್ಲಿ ಗುಡಿಯ ಕಂಬಗಳೂ ಮಸೀದಿಯ ಗುಮ್ಮಟಗಳೂ ಕ್ರೈಸ್ತ ಶಿಲುಬೆಯೊಡನೆ ಕೂಡಿವೆ. ಅಮಲೋರ್ಪವದಾಸ್ ಸ್ವಾಮಿಗಳು 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಬೈಬಲ್ ಧರ್ಮೋಪದೇಶ ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರದ ಪ್ರಾರ್ಥನಾಮಂದಿರಕ್ಕೆ ಗುಡಿಯ ರೂಪವನ್ನೇ ಕೊಟ್ಟರು, ಮುಂದೆ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು. ಅವರ ಶ್ರದ್ಧೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅವರ ಕೆಲಸಕ್ಕೆ ಸಭೆಯ ಒಳಗಿನಿಂದಲೂ ಹೊರಗಿನಿಂದಲೂ ಬಂದ ಆಕ್ಷೇಪಗಳನ್ನು ಸಂಕುಚಿತಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗುಡಿಯ ಗೋಪುರವು ಬರಿಯ ಆಕಾರವಲ್ಲ, ಆಗಮದ ಒಂದು ವಾಕ್ಯ. ಮಂಡ್ಯದ ಸಮೀಪದ ಬಸರಾಳಿನಲ್ಲಿ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವನ್ನು ನೋಡಿದರೆ ತಿಳಿಯುತ್ತದೆ: ನವರಂಗದಿಂದ ಸುಕನಾಸಿಗೆ, ಅಲ್ಲಿಂದ ಗರ್ಭಗೃಹಕ್ಕೆ ಸಾಗಿದಂತೆ ಸ್ಥಳ ಕಿರಿದಾಗುತ್ತದೆ, ಕತ್ತಲೆ ಗಾಢವಾಗುತ್ತದೆ, ಕೊನೆಗೆ ಒಬ್ಬ ಭಕ್ತನು ಒಬ್ಬ ದೇವರ ಎದುರಿಗೆ ನಿಲ್ಲುತ್ತಾನೆ. ಅದು ದರ್ಶನದ ವಾಸ್ತು. ಕ್ರೈಸ್ತರ ಕೇಂದ್ರಕ್ರಿಯೆಯಾದರೋ ಸಹಭೋಜನ. ಒಂದು ರೊಟ್ಟಿಯನ್ನು ಮುರಿದು ಹಲವರು ಹಂಚಿಕೊಳ್ಳುವುದು. ಅದಕ್ಕೆ ಊಟದ ಪಡಸಾಲೆಯ ವಾಸ್ತು ಬೇಕು. ಇನ್ನೊಬ್ಬರ ವಾಕ್ಯವನ್ನು ಅದರ ಅರ್ಥದಿಂದ ಬಿಡಿಸಿ ಶಿಖರಕ್ಕೆ ಅಂಟಿಸಿಕೊಂಡರೆ ನೆರೆಯವನಿಗೆ ಅದು ಸ್ನೇಹವಾಗಿ ಕಾಣದೆ ವೇಷವಾಗಿ ಕಂಡೀತು.

ದೇಶೀಯತೆಯನ್ನು ಶಿಖರದಲ್ಲಿ ಹುಡುಕುವುದರ ಬದಲು ಜಗಲಿಯಲ್ಲಿ ಹುಡುಕಬಹುದೆಂದು ನನಗೆ ತೋರುತ್ತದೆ. ಜಗಲಿಗೆ ಮತವಿಲ್ಲ. ಬೀದಿಗೂ ಮನೆಗೂ ನಡುವೆ, ಯಾರದೂ ಅಲ್ಲದ, ಎಲ್ಲರದೂ ಆದ ಆ ತಾಣದಲ್ಲಿ ದಾರಿಹೋಕನು ಕುಳಿತರೆ ಏಕೆ ಕುಳಿತೆಯೆಂದು ಈ ಸೀಮೆಯ ಹಳ್ಳಿಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಡಾವಣೆಯ ಮನೆಗಳು ಕಾಂಪೌಂಡು ಕಟ್ಟಿ ಕಬ್ಬಿಣದ ಗೇಟನ್ನು ಹಾಕಿಕೊಂಡಂದಿನಿಂದ ಆ ತಾಣವು ಊರಿನಿಂದಲೇ ಮಾಯವಾಗಿದೆ. ದೇವಾಲಯವು ಅದನ್ನು ಮರಳಿ ಕೊಡಲಿ. ಬೀದಿಯ ಉದ್ದಕ್ಕೂ, ಗೇಟಿನ ಹೊರಗೆ, ಆಳವಾದ ಸೂರಿನ ಕೆಳಗೆ ಕಲ್ಲುಚಪ್ಪಡಿಯ ಜಗಲಿ. ಕುಡಿಯುವ ನೀರಿನ ಒಂದು ನಲ್ಲಿ. ಬಸ್ಸಿಗೆ ಕಾಯುವ ವಿದ್ಯಾರ್ಥಿಗೂ, ಸೊಪ್ಪು ಮಾರಿ ದಣಿದವಳಿಗೂ ಅದು ಸಲ್ಲಲಿ. ಅಲ್ಲಿಂದ ಒಳಗೆ ಹೊಂಗೆಯ ನೆರಳಿರುವ ಅಂಗಳ. ಪೂಜೆ ಮುಗಿದ ಮೇಲೆ ಜನರು ಚದುರದೆ ನಿಂತು ಮಾತನಾಡುವುದಕ್ಕೆ ಅನುವಾಗುವಂತೆ ಅದರ ಸುತ್ತ ಕಟ್ಟೆ. ಅಂಗಳದಿಂದ ಹಜಾರಕ್ಕೆ ಹೋಗುವ ಬಾಗಿಲಲ್ಲಿ ಜ್ಞಾನಸ್ನಾನದ ತೊಟ್ಟಿ. ಆ ಮೇಲೆ, ಎಲ್ಲಕ್ಕೂ ಒಳಗೆ, ಒಂದೇ ಕಲ್ಲಿನ ಬಲಿಪೀಠ. ಬೀದಿಯಿಂದ ಪೀಠದವರೆಗೆ ಒಂದು ಮೆಟ್ಟಿಲೂ ಬೇಡ, ಇಳಿಜಾರು ಸಾಕು. ಮಂಡಿನೋವಿನ ಮುದುಕಿಯೂ, ಗಾಲಿಕುರ್ಚಿಯ ಮಗುವೂ ಮುಂಬಾಗಿಲಿನಿಂದಲೇ ಬರಬೇಕು.

ಸಾಮಗ್ರಿಗಾಗಿ ದೂರ ಹೋಗಬೇಕಾಗಿಲ್ಲ. ಈ ಜಿಲ್ಲೆಯ ನೆಲವೇ ಬೂದುಬಣ್ಣದ ಗಟ್ಟಿಗಲ್ಲು. ಸೈಜುಗಲ್ಲಿನ ಗೋಡೆ ಕಟ್ಟಬಲ್ಲ ಕೈಗಳು ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ. ಕನ್ನಂಬಾಡಿಯ ಅಣೆಕಟ್ಟೆಯನ್ನು ಸಿಮೆಂಟಿನ ಬದಲು ಸುಣ್ಣ ಇಟ್ಟಿಗೆಪುಡಿಗಳ ಸುರ್ಕಿಗಾರೆಯಿಂದ ಕಟ್ಟಿದರೆಂಬುದೂ, ಅದು ಇಷ್ಟು ವರ್ಷಗಳಿಂದ ಕಾವೇರಿಯನ್ನು ತಡೆದು ನಿಲ್ಲಿಸಿದೆಯೆಂಬುದೂ ಸುಣ್ಣದ ಗಾರೆಯನ್ನು ಹಳತೆಂದು ಹೀನೈಸುವವರಿಗೆ ಸಾಕಾದ ಉತ್ತರ. ಗದ್ದೆಯನ್ನು ತುಂಬಿಸಿ ಮಾಡಿದ ನಿವೇಶನವಾದರೆ ಮಾತ್ರ ತಳಪಾಯಕ್ಕೆ ಹೆಚ್ಚಿನ ಹಣವನ್ನು ಮೀಸಲಿಡಬೇಕು. ನಾಲೆಯ ಬಯಲಿನ ಎರೆಮಣ್ಣು ನೀರುಂಡಾಗ ಉಬ್ಬಿ ಒಣಗಿದಾಗ ಕುಗ್ಗುವಂಥದು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಮಾಡಿನ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಗೆ ತುಂಬಿಸಬೇಕೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಹೇಳಬೇಕಾದುದು ಮೃತ್ಯುವನ್ನು ಕುರಿತು. ಹಳ್ಳಿಯ ದೇವಾಲಯದ ಸುತ್ತ ಅಥವಾ ಸಮೀಪದಲ್ಲಿ ಸಮಾಧಿಭೂಮಿಯಿರುತ್ತಿತ್ತು. ಪೂಜೆಗೆ ಬಂದವನು ತನ್ನ ತಂದೆಯನ್ನೂ ತಾಯಿಯನ್ನೂ ಕಂಡು ಹೋಗುತ್ತಿದ್ದನು. ಸತ್ತವರೂ ಬದುಕಿರುವವರೂ ಸೇರಿ ಒಂದು ಸಭೆಯೆಂಬ ಕ್ರೈಸ್ತರ ವಿಶ್ವಾಸವು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೂ ಶಾಲೆಗೂ ಸ್ಥಳವುಂಟು, ಸಾವಿಗೆ ಇಲ್ಲ. ಎರಡನೆಯ ಮಹಡಿಯ ಬಾಡಿಗೆಮನೆಯಲ್ಲಿ ಒಬ್ಬರು ತೀರಿಕೊಂಡರೆ, ಶವಪೆಟ್ಟಿಗೆಯನ್ನು ತಿರುವಿನ ಮೆಟ್ಟಿಲಿನಲ್ಲಿ ಇಳಿಸಲಾರದೆ ಬಂಧುಗಳು ಪಡುವ ಸಂಕಟವನ್ನೂ, ಪರವೂರಿನ ಮಕ್ಕಳು ಬಂದು ಸೇರುವವರೆಗೆ ದೇಹವನ್ನು ಮನೆಯಲ್ಲಿಟ್ಟುಕೊಳ್ಳಲು ಮನೆಯೊಡೆಯನು ಒಪ್ಪದಿರುವುದನ್ನೂ ಕಂಡವರು ಬಹಳ ಮಂದಿ. ಮನುಷ್ಯನು ಅತ್ಯಂತ ಅಸಹಾಯನಾದ ಆ ರಾತ್ರಿಯಲ್ಲಿ ಅವನ ಪಾಲಿಗಿಲ್ಲದ ದೇವಾಲಯವು ಕ್ರಿಸ್ತಜಯಂತಿಯ ರಾತ್ರಿ ದೀಪಗಳಿಂದ ಎಷ್ಟು ಬೆಳಗಿದರೇನು? ಆದ್ದರಿಂದ ನನ್ನ ನಕ್ಷೆಯಲ್ಲಿ ಅಂಗಳದ ಒಂದು ಬದಿಗೆ, ಹಜಾರಕ್ಕೆ ಹೊಂದಿಕೊಂಡಂತೆ, ಒಂದು ಕೋಣೆ: ಶವವಾಹನವು ನೇರವಾಗಿ ಬಂದು ನಿಲ್ಲುವಷ್ಟು ಅಗಲವಾದ ಬಾಗಿಲು, ತಂಪಾದ ಕಲ್ಲಿನ ವೇದಿಕೆ, ರಾತ್ರಿಯೆಲ್ಲ ಕುಳಿತು ಜಪಿಸುವವರಿಗೆ ಬೆಂಚುಗಳು, ಕಾಫಿ ಕಾಯಿಸಲು ಒಂದು ಒಲೆ. ಆ ಕೋಣೆ ಕ್ರೈಸ್ತರಿಗೆ ಮಾತ್ರ ಮೀಸಲಾಗಬಾರದು. ಮಣ್ಣಿಗಾಗಲಿ ಬೆಂಕಿಗಾಗಲಿ ಸಾಗಬೇಕಾದ ಯಾವ ನೆರೆಯವನ ದೇಹಕ್ಕೂ ಅಲ್ಲಿ ಒಂದು ರಾತ್ರಿಯ ಎಡೆಯಿರಬೇಕು. ಗೋಪುರಕ್ಕೆಂದು ಎತ್ತಿಟ್ಟ ಹಣ ಈ ಕೋಣೆಗೆ ಧಾರಾಳವಾಗಿ ಸಾಲುತ್ತದೆ.

ಇನ್ನು ನೆರೆಹೊರೆಯವರು. ನೂರು ಜನರಲ್ಲಿ ಕಡಿಮೆಪಕ್ಷ ತೊಂಬತ್ತೊಂಬತ್ತು ಮಂದಿ ಅನ್ಯಧರ್ಮದವರಿರುವ ಊರಿನಲ್ಲಿ ಎದ್ದು ನಿಲ್ಲುವ ದೇವಾಲಯವನ್ನು ಪ್ರತಿದಿನ ನೋಡತಕ್ಕವರು ಅವರೇ. ಅದರ ಗಂಟೆಯನ್ನು ಕೇಳತಕ್ಕವರೂ, ಹಬ್ಬದ ದಿನ ಅದರ ವಾಹನಗಳಿಂದ ದಾರಿ ಸಿಗದೆ ತೊಂದರೆಪಡತಕ್ಕವರೂ ಅವರೇ. ಸಂಶಯವು ಬಹುಬೇಗ ಹಬ್ಬುವ ಈ ಕಾಲದಲ್ಲಿ ಎತ್ತರದ ಗೋಡೆಯ ಹಿಂದೆ ನಡೆಯುವ ಪ್ರಾರ್ಥನೆಯು ಎಷ್ಟೇ ನಿರ್ಮಲವಾಗಿರಲಿ ರಹಸ್ಯವಾಗಿ ತೋರುತ್ತದೆ; ತೆರೆದ ಜಗಲಿಯ ಹಿಂದೆ ನಡೆಯುವುದು ಹಾಗೆ ತೋರಲಾರದು. ಕಾನೂನಿನ ಅನುಮತಿಗಳನ್ನು ಪಡೆಯುವುದು ಕರ್ತವ್ಯ. ಆದರೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಹೋಗುವುದಕ್ಕೆ ಮುಂಚೆಯೇ ಗುರುಗಳೂ ಹಿರಿಯರೂ ನಕ್ಷೆಯನ್ನು ಸುರುಳಿಸುತ್ತಿಕೊಂಡು ಆ ಬೀದಿಯ ಮನೆಮನೆಗೆ ಹೋಗಿ, ಜಗಲಿ ಎಲ್ಲಿ ಬರುತ್ತದೆ, ಗಂಟೆ ಎಷ್ಟು ಹೊತ್ತಿಗೆ ಬಾರಿಸುತ್ತದೆ, ವಾಹನಗಳು ಎಲ್ಲಿ ನಿಲ್ಲುತ್ತವೆ, ಮಳೆಯ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ತೋರಿಸಿ, ಅವರು ಹೇಳುವ ತಿದ್ದುಪಡಿಗಳನ್ನು ಪೆನ್ಸಿಲಿನಿಂದ ಅಲ್ಲಿಯೇ ಗುರುತುಹಾಕಿಕೊಂಡು ಬರಲಿ. ಹಣ ಸಾಲದಿದ್ದರೆ ಮೊದಲ ವರ್ಷ ಜಗಲಿಯನ್ನೂ ಅಂಗಳವನ್ನೂ ಶವವನ್ನಿರಿಸುವ ಆ ಕೋಣೆಯನ್ನೂ ಕಟ್ಟಿ, ಮರದ ನೆರಳಿನಲ್ಲಿ ಒಂದು ಮೇಜನ್ನಿಟ್ಟುಕೊಂಡು ಪೂಜೆ ನಡೆಸಬಹುದು. ಹಜಾರವನ್ನು ಆಮೇಲೆ, ಎಷ್ಟು ಜನ ನಿಜವಾಗಿ ಕೂಡಿದರೆಂದು ತಿಳಿದ ಬಳಿಕ, ಆ ಅಳತೆಗೆ ತಕ್ಕಂತೆ ಎಬ್ಬಿಸಿದರಾಯಿತು.